ಒಂದು ಇಂಚಿನ ಕಿಟಕಿ

ನನಗೀಗ ಎಪ್ಪತ್ತೊಂಬತ್ತು. ಕಣ್ಣಿಗೆ ಪೊರೆ ಬಂದಿದೆ, ಮಂಡಿ ಹೇಳಿದ ಮಾತು ಕೇಳುವುದಿಲ್ಲ, ಕೈ ಮಾತ್ರ ಇನ್ನೂ ನೆಟ್ಟಗಿದೆ. ಮೂವತ್ತೊಂದು ವರ್ಷ ನಾನು ಅಂಧ ಮಕ್ಕಳ ಶಾಲೆಯೊಂದರ ಷೆಡ್ಡಿನಲ್ಲಿ ಕೂತು, ಮುಟ್ಟಿ ನೋಡುವ ಮಾಡೆಲ್‌ಗಳನ್ನು ಮಾಡಿದೆ. ಕಣ್ಣಿರುವ ಮಕ್ಕಳಿಗಾದರೆ ಪುಸ್ತಕದ ಚಿತ್ರ ತೋರಿಸಿ ಕೈ ತೊಳೆದುಕೊಳ್ಳಬಹುದು. ನಮ್ಮ ಮಕ್ಕಳಿಗೆ ಬೆಟ್ಟ ಬೇಕೆಂದರೆ ಬೆಟ್ಟವನ್ನೇ ಮೇಜಿನ ಮೇಲೆ ತಂದಿಡಬೇಕು.

ಮೊದಲ ವರ್ಷ ನಾನು ಮಾಡಿದ ಎಡವಟ್ಟು ಕೇಳಿ. ಒಂದು ಜೇಡ ಮಾಡಿದೆ, ಒಂದು ಆನೆ ಮಾಡಿದೆ. ಎರಡೂ ಬೆಕ್ಕಿನ ಗಾತ್ರ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಹೆಮ್ಮೆಯಿಂದ ಮನೆಗೆ ಹೋದೆ. ಮರುದಿನ ಊಟದ ಕೋಣೆಯಲ್ಲಿ ಅಡುಗೆಯವನು ಮೂಲೆಯಲ್ಲಿ ಜೇಡ ಇದೆ ಎಂದದ್ದೇ ತಡ, ಚಿಕ್ಕ ಮಕ್ಕಳೆಲ್ಲ ಎದ್ದು ಬಿದ್ದು ಓಡಿದವು. ಆಮೇಲೆ ಪ್ರತಿ ಮಾಡೆಲ್‌ಗೂ ಒಂದು ದಾರ ಕಟ್ಟಿ, ನಿಜವಾದದ್ದು ಇದಕ್ಕಿಂತ ಎಷ್ಟು ಪಟ್ಟು ದೊಡ್ಡದು, ಎಷ್ಟು ಪಟ್ಟು ಚಿಕ್ಕದು ಎಂದು ಬ್ರೈಲ್‌ನಲ್ಲಿ ಬರೆದ ಚೀಟಿಯನ್ನು ಅದಕ್ಕೆ ಅಂಟಿಸತೊಡಗಿದೆ. ಆ ಬುದ್ಧಿ ಕೊಟ್ಟವನು ಒಂಬತ್ತು ವರ್ಷದ ಒಬ್ಬ ಹುಡುಗ. ಎಲ್ಲರೂ ಜೇಡಕ್ಕೆ ಹೆದರಿ ಓಡಿದಾಗ ಅವನೊಬ್ಬ ಷೆಡ್ಡಿಗೆ ಬಂದು, "ಅಕ್ಕ, ಆನೆಯೂ ಇಷ್ಟೇ ಇದ್ರೆ ಜನ ಅದರ ಮೇಲೆ ಹೇಗೆ ಕೂರ್ತಾರೆ?" ಎಂದು ಕೇಳಿದ್ದ.

ಮಾತಿಗೆ ಮುಂಚೆ ಯಾಕೆ, ಮಾತಾದ ಮೇಲೆ ಯಾಕೆ. ಹಾಗಾಗಿ ಇಡೀ ಶಾಲೆ ಅವನನ್ನು ಯಾಕಪ್ಪ ಎಂದೇ ಕರೆಯುತ್ತಿತ್ತು. ನೆರಳು ಹೇಗಿರುತ್ತದೆ ಎಂದು ಒಂದು ದಿನ ನನ್ನ ತಲೆ ತಿಂದ. ಮರದ ಗೊಂಬೆಯೊಂದರ ಕಾಲಿಗೆ ಅದರದೇ ಆಕಾರದ ಉಣ್ಣೆಬಟ್ಟೆ ಕತ್ತರಿಸಿ ಅಂಟಿಸಿಕೊಟ್ಟೆ. ಹತ್ತು ನಿಮಿಷ ಸವರಿ ನೋಡಿದ. ಯಾರಾದರೂ ತುಳಿದರೆ ನೋವಾಗುವುದಿಲ್ಲವೇ ಎಂದ. ಇಲ್ಲವೆಂದೆ. ಮಳೆಯಲ್ಲಿ ನೆನೆದರೆ ಭಾರವಾಗುವುದಿಲ್ಲವೇ ಎಂದ. ಇಲ್ಲವೆಂದೆ. ಹಾಗಾದರೆ ನೆರಳು ಉಣ್ಣೆಬಟ್ಟೆಯ ಹಾಗೆ ಇರುವುದಿಲ್ಲ, ನೀವು ಕೊಟ್ಟದ್ದು ತಪ್ಪು ಎಂದು ವಾಪಸ್ಸು ಇಟ್ಟುಹೋದ. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಒಂದು ಗಂಟೆ ಕಳೆದ ಮೇಲೆ ಅವನು ಹೇಳಿದ್ದೇ ಸರಿ ಎನ್ನಿಸಿ ಇನ್ನೂ ಹೆಚ್ಚು ಕೋಪ ಬಂತು.

ಅದೇ ಹುಡುಗ ಮುಂದೆ ತತ್ವಶಾಸ್ತ್ರ ಓದಿದ, ಕಾಲೇಜಿನಲ್ಲಿ ಪಾಠ ಹೇಳಿದ, ಮೂರು ಪುಸ್ತಕ ಬರೆದ. ಈಗ ಅವನಿಗೆ ಅರವತ್ತೊಂದು. ಅವನ ಭಾಷಣಕ್ಕೆ ಜನ ನಿಂತು ಕೇಳುತ್ತಾರಂತೆ. ನನಗೆ ಮಾತ್ರ ಅವನು ಯಾಕಪ್ಪನೇ, ಅವನಿಗೆ ನಾನು ಅಕ್ಕನೇ. ವರ್ಷಕ್ಕೆ ನಾಲ್ಕು ಸಲವಾದರೂ ಫೋನು ಮಾಡಿ, ನನ್ನ ಮಂಡಿಯ ಸಮಾಚಾರ ಕೇಳಿ, ಅದು ಯಾಕೆ ನೋಯುತ್ತದೆ ಎಂದು ನನ್ನನ್ನೇ ಪ್ರಶ್ನೆ ಮಾಡುತ್ತಾನೆ.

ಕಳೆದ ತಿಂಗಳು ಅವನಿಂದ ಒಂದು ದಪ್ಪ ಕವರು ಬಂತು. ಅವನ ನಾಲ್ಕನೆಯ ಪುಸ್ತಕದ ಪ್ರೂಫು. ಜೊತೆಗೆ ಒಂದು ಚೀಟಿ: "ಅಕ್ಕ, ಮೊದಲ ಅಧ್ಯಾಯ ನಮ್ಮ ಶಾಲೆಯದು. ತಪ್ಪಿದ್ದರೆ ಹೇಳಿ. ಸೋಮವಾರ ಅಚ್ಚಿಗೆ ಹೋಗುತ್ತದೆ."

ಪೊರೆ ಬಂದ ಕಣ್ಣಿಗೆ ಅಷ್ಟು ಸಣ್ಣ ಅಕ್ಷರ ಹತ್ತುವುದಿಲ್ಲ. ನಾನು ತಂಗಿಯ ಜೊತೆ ಇರುವುದು; ಅವಳು ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು, ಯಾವುದನ್ನು ಓದಿದರೂ ರೋಗಿಗೆ ಔಷಧಿ ಹೇಳುವ ಧಾಟಿಯಲ್ಲೇ ಓದುತ್ತಾಳೆ. ಅಡುಗೆಮನೆಯ ಮೇಜಿಗೆ ಕೂತು ಮೊದಲು ಅರ್ಪಣೆಯ ಪುಟ ಓದಿದಳು.

"ನನ್ನ ಕೈಗೆ ಲೋಕವನ್ನು ಕೊಟ್ಟ, ಎಂದೂ ಸುಳ್ಳು ಹೇಳದ ಅಕ್ಕನಿಗೆ."

ಆ ಸಾಲನ್ನು ಇನ್ನೊಮ್ಮೆ ಓದಿಸಿದೆ. ಆಮೇಲೆ ಅವಳು ಅಧ್ಯಾಯ ಶುರು ಮಾಡಿದಳು.

"ಒಂಬತ್ತನೆಯ ವಯಸ್ಸಿನಲ್ಲಿ ನನಗೊಂದು ಕಿಟಕಿ ಸಿಕ್ಕಿತು. ಅದು ಒಂದು ಇಂಚು ಅಗಲವಿತ್ತು. ನಮ್ಮ ಶಾಲೆಯ ಕಟ್ಟಡದ ಮರದ ಮಾಡೆಲ್‌ನಲ್ಲಿ, ಮೂರನೇ ಮಹಡಿಯ ಮೆಟ್ಟಿಲು ಮುಗಿಯುವ ಕಡೆ, ಗೋಡೆಯ ಮೇಲ್ಭಾಗದಲ್ಲಿ ಅದು ಇತ್ತು. ನಿಜವಾದ ಕಿಟಕಿ ನನ್ನ ಕೈಗೆ ಎಟುಕುತ್ತಿರಲಿಲ್ಲ. ಅದನ್ನು ನಾನು ಎಂದೂ ಮುಟ್ಟಲಿಲ್ಲ. ಆದರೂ ಅದು ಅಲ್ಲಿದೆಯೆಂದು, ಅಲ್ಲಿಂದ ದೂರದಲ್ಲಿ ನದಿ ಕಾಣುತ್ತದೆಂದು ನನಗೆ ಗೊತ್ತಿತ್ತು. ದಿನವೂ ಅದರ ಕೆಳಗೆ ನಿಂತು ಹೋಗುತ್ತಿದ್ದೆ. ಕೈಗೆ ಸಿಕ್ಕಿದ್ದನ್ನು ಜ್ಞಾನ ಎನ್ನುತ್ತೇವೆ. ಇನ್ನೂ ಸಿಗದುದರ ಕಡೆಗೆ ಕೈ ಚಾಚುವಂತೆ ಮಾಡುವುದು ಕಲ್ಪನೆ. ಮನುಷ್ಯಕುಲ ಇಷ್ಟು ದೂರ ಬಂದಿರುವುದು ಎಟುಕದ ಕಿಟಕಿಯೊಂದರ ಕೆಳಗೆ ನಿಂತು, ಅದು ಅಲ್ಲಿದೆ ಎಂದು ನಂಬಿದ್ದರಿಂದ."

ಹೀಗೇ ಹದಿನೆಂಟು ಪುಟ. ಬೆಂಕಿ, ಚಕ್ರ, ನಕ್ಷತ್ರಗಳ ಲೆಕ್ಕ, ಎಲ್ಲವನ್ನೂ ಅವನು ಆ ಕಿಟಕಿಯ ಚೌಕಟ್ಟಿನೊಳಗೆ ತಂದಿದ್ದ. ಉಳಿದ ಅಧ್ಯಾಯಗಳೂ ಅಲ್ಲಿಂದಲೇ ಹೊರಡುತ್ತಿದ್ದವು. ತಂಗಿ ಕನ್ನಡಕ ತೆಗೆದಿಟ್ಟಳು.

"ಎಷ್ಟು ಚೆನ್ನಾಗಿ ಬರ್ದಿದಾನೆ. ನೀನ್ಯಾಕೆ ಮುಖ ಹಾಗೆ ಮಾಡ್ಕೊಂಡಿದೀಯ?"

"ಆ ಕಿಟಕಿ ಇಲ್ಲ" ಎಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಾನು ಐವತ್ತೆರಡು ವರ್ಷ ಯಾರ ಮುಂದೆಯೂ ಬಾಯಿ ಬಿಡದಿದ್ದ ವಿಷಯವನ್ನು ಹೇಳಿದೆ.

ಶಾಲೆಗೆ ಹೊಸ ಕಟ್ಟಡ ಕಟ್ಟುತ್ತಿದ್ದ ಕಾಲ ಅದು. ಮಕ್ಕಳು ಅಲ್ಲಿಗೆ ಹೋಗುವ ಮೊದಲೇ ಮಾಡೆಲ್ ಮುಟ್ಟಿ ದಾರಿ ಕಲಿತಿರಲಿ ಎಂದು ನನಗೆ ಹೇಳಿದರು. ಇಂಜಿನಿಯರು ಕೊಟ್ಟ ನಕ್ಷೆ ಇಟ್ಟುಕೊಂಡು, ನಲವತ್ತು ಇಂಚಿಗೆ ಒಂದು ಇಂಚಿನ ಲೆಕ್ಕದಲ್ಲಿ, ಮೂರು ತಿಂಗಳು ಕೂತು ಮಾಡಿದೆ. ನಕ್ಷೆಯಲ್ಲಿ ಆ ಕಿಟಕಿ ಇತ್ತು. ಕಟ್ಟುವಾಗ ಮೇಸ್ತ್ರಿ ಮರೆತನೋ, ಇಂಜಿನಿಯರೇ ಬೇಡವೆಂದನೋ, ಗೋಡೆ ಗೋಡೆಯಾಗಿಯೇ ಎದ್ದಿತು. ನನ್ನ ಕೆಲಸ ಕೆಳಗಿನ ಷೆಡ್ಡಿನಲ್ಲಿ. ನಕ್ಷೆ ಕೈಯಲ್ಲಿರುವಾಗ ಮೂರು ಮಹಡಿ ಹತ್ತಿ ನೋಡುವ ಕೆಲಸ ನನಗೆ ಹೊಳೆಯಲೇ ಇಲ್ಲ. ಕಣ್ಣಿದ್ದ ಮೇಷ್ಟ್ರುಗಳು ಯಾರೂ ಆ ಮಾಡೆಲ್ಲನ್ನು ನೋಡಿದವರಲ್ಲ, ಅದು ಕುರುಡು ಮಕ್ಕಳಿಗೆ ಮಾಡಿದ್ದು ತಾನೆ. ಮಕ್ಕಳು ಅಷ್ಟು ಎತ್ತರದ ಗೋಡೆ ಮುಟ್ಟಿದವರಲ್ಲ. ಹೀಗೆ ನಮ್ಮ ನಮ್ಮ ಪಾಲಿನದನ್ನು ನಾವು ನಾವು ನೋಡಿಕೊಂಡು ಸುಮ್ಮನಿದ್ದೆವು.

ಅಷ್ಟಕ್ಕೇ ನಿಂತಿದ್ದರೆ ನಕ್ಷೆಯ ತಲೆಗೆ ಕಟ್ಟಿ ಪಾರಾಗುತ್ತಿದ್ದೆ. ಒಂದು ಮಧ್ಯಾಹ್ನ ಯಾಕಪ್ಪ ಷೆಡ್ಡಿಗೆ ಬಂದ. ನಾನು ಎರಡೂ ಕೈಗೆ ಅಂಟು ಮೆತ್ತಿಕೊಂಡು ಕುದುರೆಯ ಕಾಲು ಕೂರಿಸುತ್ತಿದ್ದೆ. "ಅಕ್ಕ, ಮೇಲಿನ ಕಿಟಕಿಯಿಂದ ಏನು ಕಾಣುತ್ತೆ?" ಎಂದ. ನಾನು ಮೇಲೆ ಹೋಗಿಯೇ ಇರಲಿಲ್ಲ. ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಗೊತ್ತಿಲ್ಲ ಎಂದರೆ ಅವನು ಯಾಕೆ ಎನ್ನುತ್ತಾನೆ, ಅಂಟು ಒಣಗಿಹೋಗುತ್ತದೆ. ತಲೆ ಕೂಡ ಎತ್ತದೆ, "ದೂರದಲ್ಲಿ ನದಿ ಕಾಣುತ್ತೆ" ಎಂದುಬಿಟ್ಟೆ. ಅವನು ಮರುಮಾತಿಲ್ಲದೆ ಹೊರಟುಹೋದ. ಅವನು ಯಾಕೆ ಎನ್ನದೆ ಹೋದದ್ದು ಅದೊಂದೇ ಸಲ.

ಒಂದು ವರ್ಷದ ನಂತರ, ಮೆಟ್ಟಿಲಿನ ಕೈಹಿಡಿಯ ಮೊಳೆ ಸಡಿಲವಾಗಿದೆ ಎಂದು ಮೂರನೇ ಮಹಡಿಗೆ ಕರೆದರು. ಮೆಟ್ಟಿಲು ಮುಗಿಯುವ ಕಡೆ ನಿಂತು ತಲೆ ಎತ್ತಿದೆ. ಬರೀ ಗೋಡೆ. ಅಷ್ಟರಲ್ಲಿ ಅವನು ನದಿಯ ವಿಷಯವನ್ನು ಇಡೀ ಶಾಲೆಗೆ ಹೇಳಿಯಾಗಿತ್ತು. ಚಿಕ್ಕವರನ್ನು ಸಾಲಾಗಿ ಅಲ್ಲಿ ನಿಲ್ಲಿಸಿ, ನದಿಯ ಕಡೆಯಿಂದ ಗಾಳಿ ಬರುವುದು ಗೊತ್ತಾಗುತ್ತಿದೆಯೇ ಎಂದು ಕೇಳುತ್ತಿದ್ದನಂತೆ. ಎಲ್ಲರಿಗೂ ಗೊತ್ತಾಗುತ್ತಿತ್ತಂತೆ.

ತಂಗಿ ಪ್ರೂಫಿನ ಹಾಳೆಗಳನ್ನು ಜೋಡಿಸಿಟ್ಟಳು. ಆಮೇಲೆ, "ಬಿಟ್ಟುಬಿಡು. ಕಿಟಕಿ ಇಲ್ದೆ ಇದ್ರೆ ಅವನು ಹೇಳಿರೋ ಮಾತೇನು ಸುಳ್ಳಾಗುತ್ತಾ? ಎಷ್ಟೋ ರೋಗಿಗಳಿಗೆ ನಾನು ನಾಳೆ ವಾಸಿಯಾಗುತ್ತೆ ಅಂತ ಹೇಳಿಲ್ವಾ?" ಎಂದಳು.

"ನಿನ್ನ ರೋಗಿಗಳಿಗೆ ನಾಳೆ ಬಂದ್ರೆ ಗೊತ್ತಾಗ್ತಿತ್ತು. ಇವನಿಗೆ ಹೇಗೆ ಗೊತ್ತಾಗಬೇಕು?"

ಪುಸ್ತಕ ಹೊರಬಂದರೆ ಶಾಲೆಯವರು ಓದುತ್ತಾರೆ. ಕಣ್ಣಿರುವವನೊಬ್ಬ ಪುಸ್ತಕ ಹಿಡಿದು ಮೂರು ಮಹಡಿ ಹತ್ತುತ್ತಾನೆ. ಜ್ಞಾನದ ಬಗ್ಗೆ ಪುಸ್ತಕ ಬರೆದವನಿಗೆ ತನ್ನ ಶಾಲೆಯ ಗೋಡೆಯೇ ಗೊತ್ತಿಲ್ಲ ಎಂದು ನಗುತ್ತಾನೆ. ಅದು ನನಗೆ ಬೇಕಿರಲಿಲ್ಲ. ಆದರೆ ನನ್ನನ್ನು ತಡೆಯುತ್ತಿದ್ದದ್ದು ಅದಲ್ಲ, ನಿಜ ಹೇಳುತ್ತೇನೆ. ಹೇಳಿದರೆ ಆ ಅರ್ಪಣೆಯ ಸಾಲು ಹೋಗುತ್ತದೆ ಎಂದು ನನಗೆ ಭಯವಾಗುತ್ತಿತ್ತು. ಮಕ್ಕಳಿಲ್ಲದ ನನಗೆ ಅವನೊಬ್ಬ ಇದ್ದ. ಎರಡು ದಿನ ಫೋನಿನ ಸುತ್ತ ಸುಳಿದಾಡಿದೆ. ಗುರುವಾರ ಬೆಳಿಗ್ಗೆ ಫೋನು ಮಾಡಿ, ಶಾಲೆಗೆ ಬಾ, ಒಂದು ತಪ್ಪು ಸಿಕ್ಕಿದೆ ಎಂದೆ.

ಅವನು ಟ್ಯಾಕ್ಸಿಯಲ್ಲಿ ಬಂದ. ಬಿಳಿ ಕೋಲು, ಇಸ್ತ್ರಿ ಮಾಡಿದ ಶರ್ಟು, ಒಂದು ಗುಂಡಿ ತಪ್ಪಿ ಹಾಕಿಕೊಂಡಿದ್ದ. ನಾನು ಸರಿಮಾಡಿದೆ. ಮುಂಬಾಗಿಲ ಹಜಾರದಲ್ಲಿ ಆ ಮಾಡೆಲ್ ಇನ್ನೂ ಇದೆ. ಐವತ್ತೆರಡು ವರ್ಷ ಬೆರಳು ಸವರಿ ಸವರಿ ಅದರ ಮೂಲೆಗಳೆಲ್ಲ ಸೋಪಿನ ಚೂರಿನಂತೆ ನುಣ್ಣಗಾಗಿವೆ. ಅವನ ಕೈ ನೇರವಾಗಿ ಮೆಟ್ಟಿಲು ಹಿಡಿದು ಹತ್ತಿ, ಮೇಲಿನ ಗೋಡೆಗೆ ಹೋಗಿ, ಹೆಬ್ಬೆರಳು ಕಿಟಕಿಯೊಳಗೆ ಕೂತಿತು. ಅವನ ಮುಖದಲ್ಲಿ ಆಗ ಒಂಬತ್ತು ವರ್ಷದವನೇ ಇದ್ದ.

"ಏನು ತಪ್ಪು ಅಕ್ಕ? ಅಳತೆ ತಪ್ಪಿದೆಯಾ?"

"ನಿನ್ನ ಹೆಬ್ಬೆರಳು ಎಲ್ಲಿದೆಯೋ ಅದು ತಪ್ಪು" ಎಂದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ನಕ್ಷೆ, ಗೋಡೆ, ಅಂಟು, ನದಿ.

ಅವನು ಕೈ ತೆಗೆಯಲಿಲ್ಲ. "ಏಣಿ ಬೇಕು" ಎಂದ.

ನಂಬಲಿಲ್ಲವೋ, ನಂಬಿದರೂ ಮುಟ್ಟಿಯೇ ನೋಡಬೇಕೆನ್ನಿಸಿತೋ. ಕಾವಲುಗಾರ ಏಣಿ ಹೊತ್ತು ತಂದ. ನಾನು ಕೈಹಿಡಿ ಹಿಡಿದು, ಪ್ರತಿ ಮಹಡಿಯಲ್ಲಿ ಕೂತು ಕೂತು ಮೇಲೆ ಸೇರಿದೆ. ಅವನು ಕೋಲನ್ನು ನನಗೆ ಕೊಟ್ಟು ಏಣಿ ಹತ್ತಿದ. ಎಡಮೂಲೆಯಿಂದ ಶುರುಮಾಡಿ, ಎರಡೂ ಅಂಗೈಯಿಂದ, ಒಂದು ಗೇಣನ್ನೂ ಬಿಡದೆ ಬಲಮೂಲೆಯ ತನಕ ಆ ಗೋಡೆಯನ್ನು ಸವರಿದ. ಸುಣ್ಣದ ಪುಡಿ ಅವನ ತಲೆಯ ಮೇಲೆ ಬೀಳುತ್ತಿತ್ತು. ಮತ್ತೆ ಬಲದಿಂದ ಎಡಕ್ಕೆ ಬಂದ. ಇಳಿದು ಮೆಟ್ಟಿಲ ಮೇಲೆ ಕೂತ.

"ಇಲ್ಲ" ಎಂದ.

"ಇಲ್ಲ" ಎಂದೆ.

"ಯಾಕೆ ಹೇಳ್ಲಿಲ್ಲ?"

"ನಾಚಿಕೆಯಾಯ್ತು."

"ಐವತ್ತೆರಡು ವರ್ಷ ನಾಚಿಕೆನಾ?"

"ಮೊದಲು ನಾಚಿಕೆ. ಆಮೇಲೆ ಅಭ್ಯಾಸ."

ಅವನು ಅಂಗೈಯ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ. "ಬೇರೆಯವರು ಹೇಳಿದ್ದನ್ನೆಲ್ಲ ನಾನು ನಾಲ್ಕು ಸಲ ಪರೀಕ್ಷೆ ಮಾಡ್ತಿದ್ದೆ ಅಕ್ಕ. ನೀವು ಹೇಳಿದ್ದನ್ನ ಮಾತ್ರ ಮಾಡ್ತಿರಲಿಲ್ಲ" ಎಂದ. ದನಿ ಎತ್ತಲಿಲ್ಲ. ಎತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೋಲು ಕೇಳಿ ತೆಗೆದುಕೊಂಡು, ಮೆಟ್ಟಿಲು ಲೆಕ್ಕ ಹಾಕುತ್ತಾ ಇಳಿದುಹೋದ. ನಾನು ಅಲ್ಲೇ ಕೂತಿದ್ದೆ. ಅತ್ತುಬಿಟ್ಟೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕಾವಲುಗಾರ ಏಣಿ ಇಳಿಸುವುದೋ ಬೇಡವೋ ತಿಳಿಯದೆ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದ.

ಸೋಮವಾರ ಬಂತು, ಹೋಯಿತು. ಫೋನು ಬರಲಿಲ್ಲ. ಪುಸ್ತಕ ಅಚ್ಚಿಗೆ ಹೋಗಿರಬೇಕು, ಅರ್ಪಣೆಯ ಪುಟ ಕಿತ್ತುಹಾಕಿರಬೇಕು ಎಂದುಕೊಂಡೆ. ಊಟ ಸೇರಲಿಲ್ಲ. ತಂಗಿ ನನ್ನ ನಾಡಿ ಹಿಡಿದು ನೋಡಿ, "ಎಲ್ಲ ಸರಿಯಾಗಿದೆ, ಕೊಬ್ಬು ಅಷ್ಟೆ" ಎಂದಳು. ಅವಳ ಪ್ರೀತಿ ಹಾಗೇ.

ಹದಿಮೂರನೆಯ ದಿನ ಅವನ ಫೋನು ಬಂತು. ಹೇಗಿದ್ದೀರಿ ಇಲ್ಲ, ಮಂಡಿ ಹೇಗಿದೆ ಇಲ್ಲ.

"ಅಕ್ಕ, ಆ ಮಾಡೆಲ್ ಕಿಟಕಿ ಅಳತೆ ಬೇಕು. ನಿಮ್ಮ ಕೈಯಿಂದಲೇ ಅಳೆದು ಕೊಡಿ."

"ಮುಚ್ಚೋದಕ್ಕಾ?" ಎಂದೆ.

"ಮುಚ್ಚೋದಾದ್ರೆ ಬಡಗಿ ಸಾಕಿತ್ತು. ನಂಗೆ ಬೇಕಾಗಿರೋದು ಮೇಸ್ತ್ರಿ."

ಪುಸ್ತಕವನ್ನು ಅವನು ತಡೆದಿದ್ದ. ಹೆಡ್‌ಮಿಸ್ಟ್ರೆಸ್ ಹತ್ತಿರ ಎರಡು ಸಲ ಹೋಗಿ ಮಾತಾಡಿದ್ದ. ಮೂರನೇ ಮಹಡಿಯಲ್ಲಿ ಗಾಳಿಯಾಡುವುದಿಲ್ಲ ಎಂದು ಆಕೆಗೂ ಮೊದಲಿಂದ ತಕರಾರಿತ್ತಂತೆ. "ನಾನು ಬರೆದಿದ್ದು ಸುಳ್ಳು. ಅದನ್ನ ತಿದ್ದೋಕೆ ಎರಡು ದಾರಿ ಇದೆ. ಅಧ್ಯಾಯ ಹರಿದು ಹಾಕಬಹುದು, ಇಲ್ಲ ಗೋಡೆ ಒಡೀಬಹುದು. ಹರಿದು ಹಾಕಿದೆ. ಹೊಸದು ಬರೀತಾ ಇದೀನಿ. ಆದ್ರೂ ಗೋಡೆ ಒಡೀಬೇಕು ಅನ್ನಿಸ್ತಿದೆ."

"ಯಾಕೆ?" ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಇಬ್ಬರಿಗೂ ಸ್ವಲ್ಪ ನಗು ಬಂತು. ಹದಿಮೂರು ದಿನದಲ್ಲಿ ಮೊದಲ ಸಲ.

"ಆ ಮಾಡೆಲ್ ಮುಟ್ಟಿದ ಎಲ್ಲ ಮಕ್ಕಳೂ ಅಲ್ಲಿ ಕಿಟಕಿ ಇದೆ ಅಂತಾನೇ ಅಂದ್ಕೊಂಡಿದಾರೆ ಅಕ್ಕ. ಅಷ್ಟು ಜನ ಅಂದ್ಕೊಂಡ ಮೇಲೆ ಗೋಡೆ ಹಟ ಮಾಡಬಾರದು."

ಹಳೆಯ ಹಿತ್ತಾಳೆ ಅಳತೆಪಟ್ಟಿ ಹುಡುಕಿಕೊಂಡು ಹೋದೆ. ನಾನು ಕೊರೆದದ್ದು ಒಂದು ಇಂಚು ಅಗಲ, ಒಂದೂಕಾಲು ಇಂಚು ಎತ್ತರ. ಈಗ ಅಳೆದರೆ ಅಗಲದಲ್ಲೂ ಎತ್ತರದಲ್ಲೂ ಒಂದೊಂದು ನೂಲು, ಎಂದರೆ ಇಂಚಿನ ಎಂಟನೆಯ ಒಂದು ಭಾಗ, ಹೆಚ್ಚಾಗಿತ್ತು. ಬೆರಳು ಹಾಕಿ ಹಾಕಿ ಮಕ್ಕಳೇ ಅದನ್ನು ದೊಡ್ಡದು ಮಾಡಿದ್ದವು. ಮೇಸ್ತ್ರಿ ಪಕ್ಕದಲ್ಲಿ ಪೆನ್ಸಿಲು ಹಿಡಿದು ನಿಂತಿದ್ದ. "ಯಾವ ಅಳತೆ ಬರ್ಕೊಳ್ಳಲಿ ಅಮ್ಮ? ಮೊದಲಿಂದಾ, ಈಗಿಂದಾ?"

"ಈಗಿರೋದನ್ನೇ ಬರ್ಕೊ" ಎಂದೆ. ನಲವತ್ತರಿಂದ ಗುಣಿಸಿದರೆ ಕಿಟಕಿ ಐದೈದು ಇಂಚು ದೊಡ್ಡದಾಯಿತು.

ಯಾಕಪ್ಪ ಒಂದನ್ನು ಮಾತ್ರ ಬದಲಾಯಿಸಿದ. ನಕ್ಷೆಯಲ್ಲಿ ಅದು ತಲೆಗಿಂತ ಎಷ್ಟೋ ಮೇಲಿತ್ತು. ಅವನು ಅದನ್ನು ಒಂಬತ್ತು ವರ್ಷದ ಮಗುವಿನ ಎದೆಯ ಮಟ್ಟಕ್ಕೆ ಇಳಿಸು ಎಂದ. ಎಟುಕದ ಕಿಟಕಿಯ ಮೇಲೆ ಹದಿನೆಂಟು ಪುಟ ಬರೆದವನು ಹೀಗೆನ್ನುತ್ತಿದ್ದಾನಲ್ಲ ಎಂದು ನಾನು ಕೆಣಕಿದೆ. "ಎಟುಕದೇ ಇರೋದಕ್ಕೆ ಬೇರೆ ಬೇಕಾದಷ್ಟಿದೆ ಬಿಡಿ" ಎಂದ.

ಗೋಡೆ ಒಡೆಯಲು ಎರಡು ದಿನ, ಚೌಕಟ್ಟು ಕೂರಿಸಲು ಒಂದು ದಿನ. ಚೌಕಟ್ಟು ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಆಗದೆ ಬಡಗಿಗೆ ಬಿಟ್ಟು, ಮೂಲೆಗಳನ್ನು ಮಾತ್ರ ನಾನು ಮರಳುಕಾಗದದಿಂದ ತಿಕ್ಕಿ ನುಣುಪು ಮಾಡಿದೆ. ಮಾಡೆಲ್‌ನ ಹಳೆಯ ನಕ್ಷೆಯ ಕಡೆ ಈ ಸಲ ನೋಡಲಿಲ್ಲ. ಕಿಟಕಿಯ ಜಾಗವನ್ನು ದಿನಕ್ಕೊಂದು ಸಲ ಹತ್ತಿ ಹೋಗಿ ನೋಡಿದೆ. ಮಂಡಿ ಬೈದುಕೊಂಡಿತು.

ಶನಿವಾರ ಬೆಳಿಗ್ಗೆ ಶಾಲೆಗೆ ರಜೆ. ನಾವಿಬ್ಬರೇ ಮೇಲೆ ಹೋದೆವು. ಹೊಸ ಸಿಮೆಂಟಿನ ವಾಸನೆ ಇತ್ತು. ಅವನು ಕೋಲನ್ನು ಗೋಡೆಗೆ ಒರಗಿಸಿ, ಚೌಕಟ್ಟನ್ನು ನಾಲ್ಕು ಮೂಲೆಯೂ ಸವರಿ, ನಿಧಾನವಾಗಿ ಒಂದು ಕೈಯನ್ನು ಹೊರಗೆ ಚಾಚಿದ. ಮೊಣಕೈಯವರೆಗೆ, ಆಮೇಲೆ ಭುಜದವರೆಗೆ. ನಿಜವಾಗಿ ಗಾಳಿ ಬರುತ್ತಿತ್ತು. ಅವನ ತಲೆಗೂದಲು ಅಲ್ಲಾಡುತ್ತಿತ್ತು.

"ಅರ್ಪಣೆ ಪುಟ ಬದಲಾಯಿಸಿದೀನಿ" ಎಂದ, ಹೊರಗೇ ಮುಖ ಮಾಡಿಕೊಂಡು.

ನಾನು ತಲೆ ತಗ್ಗಿಸಿದೆ. "ಸರಿ ಬಿಡು. ಬದಲಾಯಿಸಲೇಬೇಕಿತ್ತು."

"ಕೇಳಿ. ನನ್ನ ಕೈಗೆ ಲೋಕವನ್ನು ಕೊಟ್ಟ, ಒಂದೇ ಒಂದು ಸುಳ್ಳು ಹೇಳಿದ ಅಕ್ಕನಿಗೆ."

ಕೈಗೆ ಸಿಕ್ಕ ಅವನ ಶರ್ಟಿನ ತೋಳನ್ನು ಹಿಡಿದುಕೊಂಡೆ.

"ಈಗ ಹೇಳಿ ಅಕ್ಕ. ಏನು ಕಾಣುತ್ತೆ?"

ಪೊರೆ ಬಂದ ಕಣ್ಣನ್ನು ಒರೆಸಿಕೊಂಡು, ಚೌಕಟ್ಟಿಗೆ ಹಣೆ ಒತ್ತಿ ನೋಡಿದೆ. ಆತುರಪಡಲಿಲ್ಲ. "ಪಕ್ಕದ ಕಟ್ಟಡದ ತಾರಸಿ. ಅದರ ಮೇಲೆ ನೀರಿನ ಟ್ಯಾಂಕು. ಒಂದು ಹಗ್ಗ, ಅದರ ಮೇಲೆ ಎರಡು ಟವೆಲ್ಲು. ಟ್ಯಾಂಕಿಂದ ನೀರು ಸೋರ್ತಾ ಇದೆ."

"ನದಿ?"

"ಇಲ್ಲ."

ಅವನು ಕಿವಿಗೊಟ್ಟು ಕೇಳಿದ. ನೀರು ತೊಟ್ಟಿಕ್ಕುವ ಸದ್ದು ಅವನಿಗೆ ನನಗಿಂತ ಮೊದಲೇ ಕೇಳಿಸಿರಬೇಕು. ಮುಖ ಅರಳಿತು.

"ಯಾಕೆ ಸೋರ್ತಿದೆ?"

ಪೈಪು ಒಡೆದಿರಬೇಕು ಎನ್ನಲು ಬಾಯಿ ತೆರೆದೆ. ತುಂಬಿ ಹರಿಯುತ್ತಿರಬಹುದು ಎನ್ನಲೂಬಹುದಿತ್ತು. ಎರಡೂ ನಂಬುವ ಹಾಗೇ ಇದ್ದವು. ಬಾಯಿ ಮುಚ್ಚಿಕೊಂಡೆ.

"ಗೊತ್ತಿಲ್ಲ ಕಣೋ" ಎಂದೆ. "ಇರು, ಹೋಗಿ ನೋಡ್ಕೊಂಡು ಬರ್ತೀನಿ."

ಕೈಹಿಡಿಯನ್ನು ಗಟ್ಟಿಯಾಗಿ ಹಿಡಿದು ಮೆಟ್ಟಿಲು ಇಳಿಯತೊಡಗಿದೆ.